ಅಲಸವೆಂಬ ರೋಗ

ಪಾದಕ್ಕೆ ನಮ್ಮ ನಾಡಿನಲ್ಲಿ ದೊರೆತಿರುವಷ್ಟು ಗೌರವವು ದೇಹದ ಬೇರೆ ಯಾವ ಅವಯವಕ್ಕೂ ದೊರೆತಂತೆ ಕಾಣುವುದಿಲ್ಲ. ಗುರುವಿನ ಪಾದ, ಹಿರಿಯರ ಪಾದ, ದೇವರ ಪಾದ ಎಂದು ಹೇಳುವಾಗ ನಮ್ಮ ದನಿಯು ತಾನಾಗಿಯೇ ತಗ್ಗುತ್ತದೆ. ಕವಿಗಳು ಅದನ್ನು ಕಮಲಕ್ಕೆ ಹೋಲಿಸಿದರು. ಶಿಲ್ಪಿಗಳು ಬಂಡೆಯ ಮೇಲೆ ಕೊರೆದರು. ಮದುವೆಯ ಚಪ್ಪರದಲ್ಲಿ ಮಾವನಾದವನು ಅಳಿಯನ ಪಾದವನ್ನು ತೊಳೆದನು. ಇಷ್ಟೆಲ್ಲ ಆದರೂ, ಸ್ನಾನವಾದ ಮೇಲೆ ತಮ್ಮ ಸ್ವಂತ ಕಾಲಬೆರಳುಗಳ ಸಂದನ್ನು ಬಟ್ಟೆಯಿಂದ ಒರೆಸಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಸಾಹಿತ್ಯದ ಪತ್ರಿಕೆಯಲ್ಲಿ ಎತ್ತತಕ್ಕ ಮಾತು ಇದಲ್ಲವೆಂದು ನನಗೂ ಮೊದಲು ತೋರಿತ್ತು. ಆದರೆ ಈ ಮಾತನ್ನು ಯಾರೂ ಎತ್ತದೆ ಇದ್ದುದರಿಂದಲೇ ನಮ್ಮ ಮನೆಯಲ್ಲಿ ಒಂದು ಅನರ್ಥವು ನಡೆದುಹೋಯಿತು. ಆದಕಾರಣ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ, ವಾಚಕರು ಕ್ಷಮಿಸಬೇಕು.

ನಾನು ಹೊಸಪೇಟೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಉಪಾಧ್ಯಾಯನಾಗಿದ್ದವನು. ಉಪಾಧ್ಯಾಯನೆಂದರೆ ಕಾಲಿಗೆ ಬೂಟು, ಅದರೊಳಗೆ ಕಾಲುಚೀಲ ಇರಲೇಬೇಕೆಂಬುದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಮನಸ್ಸಿನಲ್ಲಿ ಬೇರೂರಿದ ನಂಬಿಕೆ. ನಮ್ಮ ಊರಿನ ಬೇಸಗೆಯನ್ನು ಬಲ್ಲವರಿಗೆ ಆ ನಂಬಿಕೆಯ ಬೆಲೆ ಏನೆಂಬುದು ತಿಳಿದೀತು. ಸಾಯಂಕಾಲ ಮನೆಗೆ ಬಂದು ಬಿಚ್ಚುವಾಗ ಕಾಲುಚೀಲವು ಹಿಂಡಿದರೆ ನೀರು ಬರುವಂತಿರುತ್ತಿತ್ತು. ಮರುದಿನ ಬೆಳಿಗ್ಗೆ, ಇನ್ನೂ ಒಳಗಿನ ಹಸಿ ಆರದ ಅದೇ ಬೂಟಿನೊಳಗೆ ಮತ್ತೆ ಕಾಲನ್ನು ತುರುಕುತ್ತಿದ್ದೆನು. ಬಲಗಾಲಿನ ಹೆಬ್ಬೆರಳ ಉಗುರು ಯಾವಾಗ ಹಳದಿಗೆ ತಿರುಗಿತೋ ನಾನರಿಯೆ. ತಿಳಿಯುವಷ್ಟರಲ್ಲಿ ಅದು ಹಳೆಯ ಮನೆಯ ಗಾರೆಯಂತೆ ದಪ್ಪನಾಗಿ, ಅಂಚಿನಲ್ಲಿ ಪುಡಿಪುಡಿಯಾಗಿ ಉದುರಲು ಮೊದಲಾಗಿತ್ತು. ನೋವಿಲ್ಲ, ತುರಿಯಿಲ್ಲ. ನೋವು ಕೊಡದ ರೋಗವನ್ನು ರೋಗವೆಂದು ಒಪ್ಪಿಕೊಳ್ಳುವವರಾರು? ನಾಚಿಕೆಯೊಂದೇ ಉಳಿಯಿತು, ಅದನ್ನು ಮುಚ್ಚಲು ಬೂಟು ಇದ್ದೇ ಇತ್ತು. ರೋಗವನ್ನು ತಂದ ಬೂಟೇ ರೋಗಕ್ಕೆ ಮರೆಯೂ ಆಯಿತು.

ನನ್ನ ಅಣ್ಣನ ಕಥೆ ಇದಕ್ಕೆ ತದ್ವಿರುದ್ಧವಾದುದು. ಅವನು ಕಂಪ್ಲಿಯ ಬಳಿಯಲ್ಲಿ ಹಿರಿಯರ ಗದ್ದೆಯನ್ನು ಮಾಡಿಕೊಂಡು ಬಂದವನು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಇಂದಿಗೂ ತುಂಗಭದ್ರೆಯ ನೀರನ್ನು ಹೊತ್ತು ಹೊಸಪೇಟೆ, ಹಂಪಿ, ಕಂಪ್ಲಿಗಳ ಕಬ್ಬು, ಬಾಳೆ, ಬತ್ತಗಳನ್ನು ಬೆಳೆಯಿಸುತ್ತಿರುವುದನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ನೀರಿನಲ್ಲಿ ದಿನವಿಡೀ ನಿಲ್ಲುವ ಕಾಲುಗಳ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ನಾಟಿಯ ದಿನಗಳಲ್ಲಿ ಅಣ್ಣನ ಬೆರಳಸಂದುಗಳು ಬೆಳ್ಳಗೆ ಮೆತ್ತಗಾಗಿ, ತೊಗಲು ಬಿರಿದು, ಒಳಗಿನ ಕೆಂಪು ಕಾಣುತ್ತಿತ್ತು. ಕೆಸರುಹುಣ್ಣು ಎಂದು ಅದಕ್ಕೆ ಹೆಸರು. ಅತ್ತಿಗೆಯು ಗೋರಂಟಿಯ ಸೊಪ್ಪನ್ನು ಅರೆದು ರಾತ್ರಿ ಹಚ್ಚುತ್ತಿದ್ದಳು. ಒಂದೆರಡು ವಾರದಲ್ಲಿ ತುರಿ ಕಡಮೆಯಾಗುತ್ತಿತ್ತು; ಮುಂದಿನ ನಾಟಿಗೆ ಮರಳಿ ಬರುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಮಗಳ ಮದುವೆಯು ಹಂಪಿಯಲ್ಲಿ ನಡೆಯಿತು. ತಾಳಿ ಕಟ್ಟಿದ ಮೇಲೆ ವಧೂವರರನ್ನು ವಿರೂಪಾಕ್ಷನ ದರ್ಶನಕ್ಕೆ ಕರೆದುಕೊಂಡು ಹೋದೆವು. ಗುಡಿಯ ಬಾಗಿಲಲ್ಲಿ ಬೂಟನ್ನೂ ಕಾಲುಚೀಲವನ್ನೂ ಬಿಡಬೇಕಾಗಿ ಬಂದಾಗಲೇ ನನ್ನ ಎದೆ ಅಳುಕಿತು. ದರ್ಶನವಾದ ಬಳಿಕ ಪ್ರಾಕಾರದಲ್ಲಿ ಹಿರಿಯರನ್ನು ಸಾಲಾಗಿ ಕೂರಿಸಿದರು. ಮದುಮಕ್ಕಳು ಒಬ್ಬೊಬ್ಬರ ಕಾಲಿಗೂ ಎರಗುತ್ತ ಬಂದರು. ನಾನು ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಸರಿಸಿ, ಮೇಲೆ ಧೋತರದ ಅಂಚನ್ನು ಎಳೆದುಕೊಂಡೆನು. ಆಶೀರ್ವಾದದ ಮಾತಿನಲ್ಲಿ ನನಗೆ ಗಮನವೇ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅಣ್ಣನಾದರೋ ತನ್ನ ಎರಡು ಕಾಲುಗಳನ್ನೂ ಧಾರಾಳವಾಗಿ ಮುಂದೆ ಚಾಚಿದ್ದನು. ಕಿರುಬೆರಳ ಸಂದು ಬಿರಿದು ಒಸರುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. “ಏನಣ್ಣಾ ಇದು, ಯಾರಿಗಾದರೂ ತೋರಿಸಬಾರದೆ?” ಎಂದೆನು. ಅವನು ನಕ್ಕು, “ಲೇ ತಮ್ಮಾ, ಕೆಸರಾಗ ದುಡಿಯೋ ಕಾಲು ಕೆಸರು ತಿನ್ನದ ಮತ್ತೇನು ತಿಂತೈತೆ?” ಎಂದನು. ಮಾತು ಚೆನ್ನಾಗಿತ್ತು, ಕೂಡಿದವರೆಲ್ಲರೂ ನಕ್ಕರು. ನಾನೂ ನಕ್ಕೆನು. ಆ ನಗೆಯನ್ನು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ.

ಅದೇ ವರ್ಷದ ಶ್ರಾವಣದಲ್ಲಿ ಅಣ್ಣನಿಗೆ ಚಳಿಜ್ವರ ಬಂದಿತು. ಎರಡು ದಿನಗಳಲ್ಲಿ ಎಡಗಾಲು ಮೊಣಕಾಲಿನವರೆಗೆ ಕೆಂಪಾಗಿ, ಮುಟ್ಟಿದರೆ ಸುಡುವಂತೆ ಊದಿಕೊಂಡಿತು. ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯರು ಊದಿದ ಕಾಲನ್ನು ಬಿಟ್ಟು ಮೊದಲು ಕಿರುಬೆರಳನ್ನು ಬಿಡಿಸಿ ಸಂದನ್ನು ನೋಡಿದರು. “ಬಂದ ಬಾಗಿಲು ಇದೇ” ಎಂದರು. ಬೂಷ್ಟು ತಿಂದು ಬಿರಿದ ತೊಗಲಿನ ಮೂಲಕ ಬೇರೆ ಕ್ರಿಮಿಗಳು ಒಳಹೊಕ್ಕು ಕಾಲನ್ನೆಲ್ಲ ವ್ಯಾಪಿಸಿದ್ದವು. ರಕ್ತವನ್ನು ಪರೀಕ್ಷಿಸಿದಾಗ, ಅವನಿಗೆ ಬಹುಕಾಲದಿಂದಲೂ ಸಕ್ಕರೆ ಕಾಯಿಲೆ ಇದ್ದಿತೆಂಬುದು ಗೊತ್ತಾಯಿತು. ಆ ಕಾಯಿಲೆಯು ಹಳೆಯದಾದಂತೆ ಪಾದದ ನರಗಳು ಜಡವಾಗುತ್ತವೆ, ರಕ್ತದ ಹರಿವು ತಗ್ಗುತ್ತದೆ, ಗಾಯವು ಬೇಗ ಮಾಯುವುದಿಲ್ಲ. ಅವನಿಗೆ ನೋವು ತೋರದಿದ್ದುದು ಧೈರ್ಯದಿಂದಲ್ಲ, ಜಡತೆಯಿಂದ. ಕಾಲು ಉಳಿಯಿತು, ಕಿರುಬೆರಳು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಗೋರಂಟಿಯಿಂದ ಗುಣ ನಿಲ್ಲದಿದ್ದಾಗ ಅಣ್ಣನು ಯಾವುದೋ ಔಷಧದಂಗಡಿಯಲ್ಲಿ ಕೇಳಿ ಒಂದು ಮುಲಾಮನ್ನು ತಂದು ಎರಡು ವರ್ಷ ಆಗಾಗ ಹಚ್ಚಿಕೊಳ್ಳುತ್ತಿದ್ದನಂತೆ. ಹಚ್ಚಿದ ಮರುದಿನವೇ ತುರಿ ಮಾಯ. ಆದ್ದರಿಂದ ಅದರಲ್ಲಿ ಅವನಿಗೆ ಬಹಳ ನಂಬಿಕೆ. ವೈದ್ಯರು ಆ ಖಾಲಿ ಕೊಳವೆಯನ್ನು ತರಿಸಿ ಓದಿದರು. ಬೂಷ್ಟನ್ನು ಕೊಲ್ಲುವ ಔಷಧದೊಡನೆ ತೀಕ್ಷ್ಣವಾದ ಸ್ಟೀರಾಯ್ಡನ್ನೂ ಬೆರೆಸಿದ ಮುಲಾಮು ಅದು. ತುರಿ, ಕೆಂಪು, ಉರಿ, ಇವು ಶತ್ರುವಿನೊಡನೆ ನಮ್ಮ ಶರೀರವು ಹೋರಾಡುತ್ತಿರುವುದರ ಗುರುತುಗಳು. ಸ್ಟೀರಾಯ್ಡು ಆ ಹೋರಾಟವನ್ನೇ ಅಡಗಿಸುತ್ತದೆ. ಕಾವಲುಗಾರನಿಗೆ ನಿದ್ರೆಯ ಮದ್ದು ಕೊಟ್ಟು, ಗದ್ದಲ ನಿಂತಿತು, ಇನ್ನು ಕಳ್ಳರ ಭಯವಿಲ್ಲ ಎಂದುಕೊಂಡಂತಾಯಿತು. ತೊಗಲು ತೆಳುವಾಗುತ್ತದೆ, ಬೂಷ್ಟು ಸದ್ದಿಲ್ಲದೆ ಹಬ್ಬುತ್ತದೆ. ಈ ಹಾವಳಿಯು ದೇಶದಲ್ಲೆಲ್ಲ ಹೆಚ್ಚಿದ ಕಾರಣ, 2018ರಲ್ಲಿ ಕೇಂದ್ರ ಸರ್ಕಾರವು ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಸಾಲಿಗೆ ಸೇರಿಸಿತು. ಕಾನೂನು ಆಯಿತು, ಕೇಳುವವರ ಅಭ್ಯಾಸವೂ ಕೊಡುವವರ ಅಭ್ಯಾಸವೂ ಅಷ್ಟು ಬೇಗ ಬದಲಾಗಲಿಲ್ಲ.

ಅಣ್ಣನ ಹಾಸಿಗೆಯ ಬಳಿ ಕುಳಿತಿದ್ದ ದಿನಗಳಲ್ಲಿ ಈ ರೋಗದ ಕುಲಗೋತ್ರಗಳನ್ನು ಓದಿ ತಿಳಿಯತೊಡಗಿದೆನು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳೆಂಬ ಒಂದು ಅಧ್ಯಾಯವಿದೆ. ಕೆಟ್ಟ ಕೆಸರಿನ ಸ್ಪರ್ಶದಿಂದ ಕಾಲಬೆರಳುಗಳ ಸಂದು ತೊಯ್ದು ತುರಿ, ಉರಿ, ನೋವು ಉಂಟಾಗುವ ರೋಗವನ್ನು ಅಲ್ಲಿ ಹೇಳಿದೆ. ಅದರ ಹೆಸರು ‘ಅಲಸ’. ಉಗುರು ಒರಟಾಗಿ ಕಪ್ಪಾಗಿ ಕೆಡುವುದನ್ನು ‘ಕುನಖ’ವೆಂದು ಅದೇ ಅಧ್ಯಾಯದಲ್ಲಿ ಬೇರೆಯಾಗಿ ಎಣಿಸಿದೆ. ಅಣ್ಣನಿಗೊಂದು, ತಮ್ಮನಿಗೊಂದು! ಹುಳುಕಡ್ಡಿ, ಗಜಕರ್ಣವೆಂದು ನಾವು ಕರೆಯುವ ಚರ್ಮರೋಗಕ್ಕೆ ದದ್ರುವೆಂದು ಹೆಸರು. ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ತಗಚೆಗೆ ‘ದದ್ರುಘ್ನ’ವೆಂಬ ಬಿರುದು ಬಂದಿರುವುದು ಅದರಿಂದಲೇ.

ಈಗಿನ ಶಾಸ್ತ್ರವು ಹೇಳುವುದೇನೆಂದರೆ, ಇವುಗಳ ಮೂಲವು ಅಣಬೆಯ ದೂರದ ಬಂಧುಗಳಾದ ಸೂಕ್ಷ್ಮ ಶಿಲೀಂಧ್ರಗಳು. ನಮ್ಮ ತೊಗಲಿನ ಮೇಲ್ಪದರ, ಕೂದಲು, ಉಗುರು, ಇವೆಲ್ಲ ಕೆರಾಟಿನ್ ಎಂಬ ಒಂದೇ ಗಡುಸಾದ ಪದಾರ್ಥದಿಂದ ಆದವು. ಆ ಪದಾರ್ಥವೇ ಈ ಶಿಲೀಂಧ್ರಗಳಿಗೆ ಅನ್ನ. ಅದರ ಮೇಲೆ ಬೆಚ್ಚಗೂ ಹಸಿಯಾಗಿಯೂ ಇರುವ ಸ್ಥಳವೊಂದು ದೊರೆತರೆ ಅವುಗಳಿಗೆ ಬೇರೇನೂ ಬೇಡ. ಕೆಸರಿನಲ್ಲಿ ನಿಂತ ಕಾಲಿನಲ್ಲಿ ಇವುಗಳ ಜೊತೆಗೆ ಬೇರೆ ಕ್ರಿಮಿಗಳೂ ಮನೆಮಾಡುವುದುಂಟು. ಬೂಟಿನ ವಿಷಯದಲ್ಲಿ ಇನ್ನೂ ಸ್ವಾರಸ್ಯವಿದೆ. ಕಾಲಬೆರಳಿಗೂ ಉಗುರಿಗೂ ಇಂದು ಲೋಕದಲ್ಲೆಲ್ಲ ಹೆಚ್ಚಾಗಿ ಅಂಟುವ ಟ್ರೈಕೋಫೈಟಾನ್ ರೂಬ್ರಮ್ ಎಂಬುದರ ತವರು ಏಷ್ಯದ ಆಗ್ನೇಯ ಭಾಗ ಹಾಗೂ ಆಫ್ರಿಕದ ಪಶ್ಚಿಮ ಭಾಗವೆಂದು ಬಲ್ಲವರು ಊಹಿಸುತ್ತಾರೆ. ಬರಿಗಾಲಿನಲ್ಲಿ ನಡೆಯುತ್ತಿದ್ದ ಅಲ್ಲಿನ ಜನರಿಗೆ ಅದು ಮೈಮೇಲೆ ಹುಳುಕಡ್ಡಿಯಾಗಿ ಬರುತ್ತಿತ್ತೇ ಹೊರತು ಕಾಲಿಗೆ ಅಷ್ಟಾಗಿ ಅಂಟುತ್ತಿರಲಿಲ್ಲವಂತೆ. ಬೂಟು ತೊಟ್ಟ ಸಿಪಾಯಿಗಳು, ವಲಸೆಗಾರರು ಬಂದರು. ಅದಕ್ಕೆ ಬೂಟಿನೊಳಗೆ ಹೊಸ ಮನೆ ಸಿಕ್ಕಿತು. ಎರಡು ಮಹಾಯುದ್ಧಗಳ ದಂಡುಗಳೊಡನೆ ದೇಶದೇಶಕ್ಕೆ ನಡೆದುಹೋಯಿತು. ನನ್ನ ಉಪಾಧ್ಯಾಯಪದವಿಯ ಬೂಟಿನೊಳಗೆ ಇಂತಹ ಲೋಕಸಂಚಾರಿಯು ತಂಗಿದ್ದಿರಬಹುದೆಂಬುದನ್ನು ಓದಿ, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಔಷಧಗಳಿಗೆ ಕೊರತೆಯಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆರ್ಥರ್ ವಿಟ್‌ಫೀಲ್ಡ್ ಎಂಬ ಆಂಗ್ಲ ಚರ್ಮವೈದ್ಯರು ಬೆನ್‌ಜೋಯಿಕ್ ಆಮ್ಲವನ್ನು ಶೇಕಡ 6, ಸ್ಯಾಲಿಸಿಲಿಕ್ ಆಮ್ಲವನ್ನು ಶೇಕಡ 3ರ ಪ್ರಮಾಣದಲ್ಲಿ ಬೆರೆಸಿದ ಮುಲಾಮೊಂದನ್ನು ಬಳಕೆಗೆ ತಂದರು. ಒಂದು ಬೂಷ್ಟಿನ ಬೆಳವಣಿಗೆಯನ್ನು ತಡೆದರೆ, ಇನ್ನೊಂದು ಅದು ಮನೆಮಾಡಿದ ಸತ್ತ ತೊಗಲನ್ನು ಸುಲಿದುಹಾಕುತ್ತದೆ. ಅತ್ಯಲ್ಪ ಬೆಲೆಯ ಆ ಮುಲಾಮು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಬಹುಕಾಲ ಉಳಿಯಿತು. 1960ರ ದಶಕದ ಕೊನೆಯಲ್ಲಿ ಕ್ಲೋಟ್ರಿಮಜೋಲ್, 1990ರ ದಶಕದ ಆರಂಭದಲ್ಲಿ ಟರ್ಬಿನಾಫಿನ್ ಬಂದವು. ಇವುಗಳ ಜಾಣ್ಮೆ ಬಹಳ ಸರಳವಾದುದು. ಶಿಲೀಂಧ್ರದ ಕಣಗಳ ಹೊರಗೋಡೆಗೆ ಹತ್ತಿದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬು ಇರುತ್ತದೆ. ಮನುಷ್ಯನ ಕಣಗಳಲ್ಲಿ ಅದು ಇಲ್ಲ. ಆ ಕೊಬ್ಬು ತಯಾರಾಗದಂತೆ ತಡೆದರೆ ಅತಿಥಿಯ ಪೊರೆ ಕುಸಿಯುತ್ತದೆ, ಮನೆಯ ಯಜಮಾನನಿಗೆ ಅಪಾಯವಿಲ್ಲ. ಬೆರಳಸಂದಿನ ರೋಗಕ್ಕೆ ಟರ್ಬಿನಾಫಿನ್ ಮುಲಾಮಾದರೆ ಒಂದೆರಡು ವಾರ, ಕ್ಲೋಟ್ರಿಮಜೋಲ್ ಆದರೆ ಸುಮಾರು ನಾಲ್ಕು ವಾರ ಹಚ್ಚಬೇಕೆನ್ನುತ್ತಾರೆ. ಹುಣ್ಣಿನ ಅಂಚಿನಿಂದ ಆಚೆಗೂ ಎರಡು ಬೆರಳಗಲ ಹಚ್ಚಬೇಕು. ತುರಿ ನಿಂತಿತೆಂದು ನಡುವೆ ಬಿಡಬಾರದು. ನಾವು ಬಿಡುವುದೇ ಅಲ್ಲಿ. ಅರ್ಧ ಹೊಡೆದು ಬಿಟ್ಟ ಹಾವಿನಂತೆ ರೋಗವು ಮರಳಿ ಬರುತ್ತದೆ. ಟರ್ಬಿನಾಫಿನಿಗೆ ಅನೇಕವೇಳೆ ಬಗ್ಗದ ಹೊಸ ತಳಿಯೊಂದು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ವಿದ್ವಾಂಸರು ಅದಕ್ಕೆ ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಅದು ಹೆಚ್ಚಾಗಿ ತೊಡೆಸಂದನ್ನೂ ಮೈಯನ್ನೂ ಹಿಡಿಯುವುದು. ಆದರೂ ನಮ್ಮ ದೇಶದ ಹೆಸರನ್ನು ಒಂದು ಹುಳುಕಡ್ಡಿಯು ಹೊತ್ತು ತಿರುಗುವಂತಾದುದು ಸಂತೋಷಪಡತಕ್ಕ ಕೀರ್ತಿಯಲ್ಲ.

ಅಣ್ಣನು ಮನೆಗೆ ಬಂದ ಮೇಲೆ ನಾನು ನನ್ನ ಉಗುರನ್ನು ಚರ್ಮವೈದ್ಯರೊಬ್ಬರಿಗೆ ತೋರಿಸಿದೆನು. ಅವರು ಕೂಡಲೇ ಔಷಧ ಬರೆಯಲಿಲ್ಲ. ದಪ್ಪನಾದ ಉಗುರೆಲ್ಲವೂ ಬೂಷ್ಟಿನಿಂದಲೇ ಆದುದಲ್ಲ, ಪೆಟ್ಟಿನಿಂದಲೂ ಬೇರೆ ರೋಗಗಳಿಂದಲೂ ಹಾಗಾಗುವುದುಂಟು ಎಂದು ಹೇಳಿ, ಉಗುರಿನಡಿಯ ಪುಡಿಯನ್ನು ಕೆರೆದು, ಕ್ಷಾರದ್ರವದಲ್ಲಿ ನೆನೆಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನಗೂ ತೋರಿಸಿದರು. ಗಾಜಿನ ಕೆಳಗೆ ಬಳ್ಳಿಯಂತೆ ಕವಲೊಡೆದ ಎಳೆಗಳು ಕಂಡವು. ಮುಲಾಮು ಉಗುರನ್ನು ಭೇದಿಸಿ ಒಳಕ್ಕೆ ಇಳಿಯಲಾರದು. ನುಂಗುವ ಮಾತ್ರೆಯುಂಟು, ಕಾಲಿನ ಉಗುರಿಗೆ ಸುಮಾರು ಹನ್ನೆರಡು ವಾರ. ಆದರೆ ನನ್ನ ಯಕೃತ್ತಿನ ಸ್ಥಿತಿ ಅಷ್ಟು ಒಳ್ಳೆಯದಿರಲಿಲ್ಲ. ಕೆಟ್ಟಿದ್ದುದು ಉಗುರಿನ ತುದಿಯ ಭಾಗ ಮಾತ್ರ, ಬುಡವು ಇನ್ನೂ ಚೆನ್ನಾಗಿತ್ತು. ಆದ್ದರಿಂದ ಶೇಕಡ 5ರ ಅಮೊರಾಲ್ಫಿನ್ ಎಂಬ, ಉಗುರುಬಣ್ಣದಂತೆ ಬಳಿಯುವ ದ್ರವವನ್ನು ಕೊಟ್ಟರು. ವಾರಕ್ಕೊಮ್ಮೆ ಅರದಿಂದ ಉಗುರನ್ನು ತೆಳುವಾಗಿ ಉಜ್ಜಿ, ಒರೆಸಿ, ಬಳಿಯಬೇಕು. ಎಷ್ಟು ಕಾಲ? ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರು. ಕೆಟ್ಟುದು ಹೋಗಿ ಬುಡದಿಂದ ಹೊಸದು ಪೂರ್ತಿ ಬರಲು ಒಂದು ವರ್ಷದಿಂದ ಒಂದೂವರೆ ವರ್ಷ. ಔಷಧವು ಉಗುರನ್ನು ಸರಿಪಡಿಸುವುದಿಲ್ಲ. ಸರಿಯಾದುದು ಬೆಳೆದು ಬರುವವರೆಗೆ ಕಾವಲಿರುತ್ತದೆ, ಅಷ್ಟೆ.

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ ಅರವನ್ನೂ ಸೀಸೆಯನ್ನೂ ಹಿಡಿದು ಜಗುಲಿಯಲ್ಲಿ ಕುಳಿತುಕೊಳ್ಳುವುದು ನನ್ನ ವ್ರತವಾಯಿತು. “ಅಜ್ಜ ಉಗುರಿಗೆ ಬಣ್ಣ ಹಚ್ಕೊಳ್ತಾನ!” ಎಂದು ಮೊಮ್ಮಗಳು ಕೇರಿಯವರಿಗೆಲ್ಲ ಸಾರಿದಳು. ಎರಡು ತಿಂಗಳಾದರೂ ಏನೂ ಕಾಣಲಿಲ್ಲ. ಬಿಟ್ಟುಬಿಡೋಣವೆಂದು ಅನೇಕ ಬಾರಿ ಅನ್ನಿಸಿತು. ನಾಲ್ಕನೆಯ ತಿಂಗಳಿನಲ್ಲಿ ಬುಡದಲ್ಲಿ ತಿಳಿಗೆಂಪಾದ ಒಂದು ಸಣ್ಣ ಅರ್ಧಚಂದ್ರ ಕಂಡಾಗ ನನಗಾದ ಸಂತೋಷವನ್ನು ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳು ತೇರ್ಗಡೆಯಾದಾಗಲೂ ಪಟ್ಟಿದ್ದಿಲ್ಲ.

ಅಣ್ಣನ ಮಗನು ಸಂಡೂರಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ. ಮುಂಭಾಗಕ್ಕೆ ಉಕ್ಕು ಹೊದೆಸಿದ ಬೂಟನ್ನು ಪಾಳಿಯುದ್ದಕ್ಕೂ ತೊಟ್ಟಿರಬೇಕು. ಅದನ್ನು ತೊಡಬೇಡವೆಂದು ಹೇಳುವಂತಿಲ್ಲ; ಬೆರಳು ಉಳಿಯುವುದು ಅದರಿಂದಲೇ. ತಂದೆಯ ಕಾಲನ್ನು ನೋಡಿದ ಮೇಲೆ ಅವನು ತನ್ನ ಬೆರಳಸಂದನ್ನು ತೋರಿಸಲು ನಾಚದೆ ಬಂದನು. ಮುಲಾಮನ್ನು ಪೂರ್ತಿ ಹಚ್ಚಿದನು. ಈಗ ಎರಡು ಜೊತೆ ಬೂಟುಗಳನ್ನು ಇಟ್ಟುಕೊಂಡು ಒಂದನ್ನು ಬಿಸಿಲಿಗಿಟ್ಟು ಇನ್ನೊಂದನ್ನು ತೊಡುತ್ತಾನೆ. ಹತ್ತಿಯ ಕಾಲುಚೀಲವನ್ನು ಪಾಳಿಯ ನಡುವೆ ಬದಲಿಸುತ್ತಾನೆ. ಕಾಲೊರೆಸುವ ಬಟ್ಟೆಯನ್ನು ಬೇರೆಯಾಗಿ ಇಟ್ಟಿದ್ದಾನೆ. ಇವು ಸಣ್ಣ ಮಾತುಗಳು. ಆದರೆ ಮನೆಯಲ್ಲಿ ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ಇದು ದಾಟುವುದು ಇಂತಹ ಸಣ್ಣ ಮಾತುಗಳನ್ನು ಮರೆಯುವುದರಿಂದಲೇ.

ಗದ್ದೆಯ ಮಾತು ಮಾತ್ರ ಇಷ್ಟು ಸುಲಭವಲ್ಲ. ನಾಟಿಯ ಹೆಣ್ಣುಮಕ್ಕಳಿಗೆ ಕಾಲನ್ನು ಒಣಗಿಸಿಕೊಳ್ಳಿರೆಂದು ಯಾರು ಹೇಳಬಲ್ಲರು? ಅವರ ಕೂಲಿ ಇರುವುದೇ ನೀರಿನಲ್ಲಿ. ಮನೆಗೆ ಹೋದರೆ ಪಾತ್ರೆ, ಬಟ್ಟೆ, ಮತ್ತೆ ನೀರು. ಗೋರಂಟಿಯ ಎಲೆಯಲ್ಲಿ ಬೂಷ್ಟನ್ನು ತಡೆಯುವ ಅಂಶ ಉಂಟೆಂದು ಶಾಸ್ತ್ರಜ್ಞರೂ ಒಪ್ಪುತ್ತಾರೆ. ಅತ್ತಿಗೆಯ ಕೈಮದ್ದು ಸುಳ್ಳಲ್ಲ, ಸಾಲದು ಅಷ್ಟೆ. ರಾತ್ರಿ ಮಲಗುವ ಮುನ್ನ ತೊಳೆದು, ಸಂದನ್ನು ಒತ್ತಿ ಒರೆಸಿ, ಗುಣವಾಗುವವರೆಗೆ ಸರಿಯಾದ ಮುಲಾಮನ್ನು ಹಚ್ಚುವುದು. ಸಕ್ಕರೆ ಕಾಯಿಲೆಯವರಾದರೆ ಒಂದು ಬಿರುಕನ್ನೂ ಅಲಕ್ಷ್ಯಮಾಡದೆ ವೈದ್ಯರ ಬಳಿಗೆ ಹೋಗುವುದು. ಇಷ್ಟನ್ನು ಅಣ್ಣನು ಈಗ ತನ್ನ ಗದ್ದೆಗೆ ಬರುವವರಿಗೆಲ್ಲ ಹೇಳುತ್ತಾನೆ. ಹೇಳುವಾಗ ಚಪ್ಪಲಿಯನ್ನು ಕಳಚಿ ನಾಲ್ಕೇ ಬೆರಳುಳ್ಳ ತನ್ನ ಪಾದವನ್ನು ಅವರ ಮುಂದೆ ಇಡುತ್ತಾನೆ. ಅದಕ್ಕಿಂತ ದೊಡ್ಡ ಉಪನ್ಯಾಸ ಬೇಕಿಲ್ಲ.

ಸಂಸ್ಕೃತದಲ್ಲಿ ಅಲಸವೆಂದರೆ ಸೋಮಾರಿ ಎಂಬ ಅರ್ಥವೂ ಇದೆ. ಈ ರೋಗಕ್ಕೆ ಆ ಹೆಸರು ಏಕೆ ಬಂದಿತೆಂದು ಬಹಳ ದಿನ ಯೋಚಿಸಿದೆನು. ಸೋಮಾರಿಯ ಕಾಲಿಗೆ ಇದು ಬರುವುದಿಲ್ಲ; ಸೂರ್ಯೋದಯಕ್ಕೆ ಕೆಸರಿಗಿಳಿದ ಕಾಲಿಗೆ, ಪಾಳಿ ಮುಗಿಯುವವರೆಗೆ ಬೂಟಿನೊಳಗೆ ಬೆಂದ ಕಾಲಿಗೆ ಬರುತ್ತದೆ. ಆಲಸ್ಯವು ಕಾಲಿನದಲ್ಲ, ಕಣ್ಣಿನದು. ಹಂಪಿಯ ಪ್ರಾಕಾರದಲ್ಲಿ ಆ ಹುಣ್ಣನ್ನು ಕಂಡೂ ನಕ್ಕ ನನ್ನದು.

ಅಣ್ಣನಿಗೆ ಈಗ ಬಗ್ಗುವುದು ಕಷ್ಟ. ಅವನು ಹೊಸಪೇಟೆಗೆ ಬಂದಾಗಲೆಲ್ಲ ರಾತ್ರಿ ಊಟವಾದ ಮೇಲೆ ಮಣೆಯ ಮೇಲೆ ಅವನ ಕಾಲನ್ನಿರಿಸಿ, ದೀಪದ ಬೆಳಕಿನಲ್ಲಿ ಒಂದೊಂದು ಬೆರಳನ್ನೂ ಬಿಡಿಸಿ ನೋಡಿ ಒರೆಸುವುದು ನನ್ನ ಪಾಲಿನ ಕೆಲಸ. ಮೊದಲ ದಿನ ಅವನು ಕಾಲನ್ನು ಎಳೆದುಕೊಂಡು, “ಬ್ಯಾಡ ಬಿಡೋ, ಕಲಿತವನು ನೀನು, ಹೊಲಸು ಕಾಲು ಮುಟ್ಟಬ್ಯಾಡ” ಎಂದನು. ಹಬ್ಬಹುಣ್ಣಿಮೆಗಳಲ್ಲಿ ಅರುವತ್ತು ವರ್ಷ ಆ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡವನು ನಾನು. ಅಷ್ಟು ಸಲ ಬಗ್ಗಿಯೂ ಒಮ್ಮೆಯೂ ನೋಡಿರಲಿಲ್ಲ.